ತಣ್ಣಗಾದ ಗಾಡಿಯೋ, ನಿಂತ ಗಾಡಿಯೋ: ಒಂದು ಹಳೇ ಮಾರುತಿ 800ರ ಪ್ರಕರಣ

ಗಾಡಿ 1997ರ ಮಾರುತಿ 800. ಮೂರು ಸಿಲಿಂಡರ್, 796 ಸಿಸಿ, ಪೆಟ್ರೋಲಿಗೆ ಗಾಳಿ ಬೆರೆಸಿ ಕೊಡುವ ಕಾರ್ಬುರೇಟರ್ ಇರುವ ಇಂಜಿನ್. ಡ್ಯಾಶ್‌ಬೋರ್ಡಿನಲ್ಲಿ ಎಳೆಯುವ ಚೋಕ್ ಇದೆ. ಮಾಲೀಕರು ಧಾರವಾಡದ ಮಾಳಮಡ್ಡಿಯ ಒಬ್ಬ ನಿವೃತ್ತ ಗಣಿತದ ಮಾಸ್ತರು. ಹೊಸದಾಗಿ ತಂದವರೂ ಅವರೇ. ಹದಿನೈದು ವರ್ಷ ಆದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ಹೊಸದು ಮಾಡಿಸಬೇಕಲ್ವಾ, ಅದನ್ನೂ ಮೂರು ಸಲ ತಪ್ಪದೆ ಮಾಡಿಸಿದ್ದಾರೆ. ಮಗ ಬೆಂಗಳೂರಿನಿಂದ ಫೋನ್ ಮಾಡಿದಾಗಲೆಲ್ಲ "ಮಾರಿಬಿಡ್ರಿ" ಅನ್ನುತ್ತಾನೆ. ಇವರು ಕೇಳುವುದಿಲ್ಲ.

ತಕರಾರು ಒಂದೇ. ಮುಂಜಾನೆ ಗಾಡಿ ಚಾಲೂ ಆಗುವುದಿಲ್ಲ. ಎಂಟು ಹತ್ತು ಸಲ ಸೆಲ್ಫ್ ಹೊಡೆಯಬೇಕು. ಒಮ್ಮೆ ಹಿಡಿದರೆ ಮುಗಿಯಿತು, ಆ ದಿನ ಪೂರ್ತಿ ಕೀಲಿ ತಿರುವಿದರೆ ಸಾಕು. ನನ್ನ ಹತ್ತಿರ ಬರುವ ಹೊತ್ತಿಗೆ ಬ್ಯಾಟರಿ ಹೊಸದಾಗಿತ್ತು. ಪ್ಲಗ್ ಹೊಸದು, ಪ್ಲಗ್ ವೈರೂ ಹೊಸದು. ಕಾರ್ಬುರೇಟರ್ ಎರಡು ಸಲ ಬಿಚ್ಚಿ ಸರ್ವೀಸ್ ಆಗಿತ್ತು. ಖರ್ಚು ಆರು ಸಾವಿರ ದಾಟಿತ್ತು. ಗುಣ ಮಾತ್ರ ಇಲ್ಲ.

"ಥಂಡಿಗೆ ಹಿಡಕೊಂಡದ ನೋಡು ತಮ್ಮಾ. ಹೊತ್ತೇರಿದ ಮ್ಯಾಲ ಏನೂ ತಕರಾರಿಲ್ಲ" ಅಂದರು ಮಾಸ್ತರು.

ನಾನು ಹುಬ್ಬಳ್ಳಿಯವನು. ಗೋಕುಲ ರಸ್ತೆಯಲ್ಲಿದ್ದ ಅಪ್ಪನ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದು ಬೆಳೆದವನು. ಈಗ ಬೇರೆ ಕೆಲಸ, ರವಿವಾರ ಮಾತ್ರ ಈ ಹುಚ್ಚು. ಥಂಡಿ ಅನ್ನುವ ಮಾತು ಕೇಳಿದಾಗಲೇ ನನಗೆ ಸ್ವಲ್ಪ ಅನುಮಾನ ಬಂತು. ಧಾರವಾಡದ ಥಂಡಿ ಅಂದರೆ ಎಷ್ಟು? ಡಿಸೆಂಬರಿನ ಮುಂಜಾನೆ ಹದಿನಾಲ್ಕು, ಹದಿನೈದು ಡಿಗ್ರಿ. ನಮಗೆ ಸ್ವೆಟರ್ ಬೇಕು, ಖರೆ. ಆದರೆ ಸರಿಯಾಗಿರುವ ಪೆಟ್ರೋಲ್ ಇಂಜಿನ್ನಿಗೆ ಅದು ದೊಡ್ಡ ಚಳಿಯೇ ಅಲ್ಲ. ಚೋಕ್ ಎಳೆದರೆ ಎರಡನೇ ಸೆಲ್ಫಿಗೆ ಹಿಡಿಯಬೇಕು.

ಮಾಸ್ತರ ಹತ್ತಿರ ಒಂದು ನೋಟ್‌ಬುಕ್ ಇದೆ. ಹಾಕಿಸಿದ ಪೆಟ್ರೋಲ್, ಓಡಿದ ಕಿಲೋಮೀಟರ್, ಗಾಳಿ ತುಂಬಿಸಿದ ತಾರೀಖು, ಎಲ್ಲ ಅದರಲ್ಲಿ. ತಕರಾರು ಶುರುವಾದ ಮೇಲೆ 'ಸೆಲ್ಫ್' ಅಂತ ಇನ್ನೊಂದು ಕಾಲಂ ಎಳೆದಿದ್ದರು. ಎಷ್ಟನೇ ಸಲಕ್ಕೆ ಹಿಡಿಯಿತು ಅನ್ನುವ ಲೆಕ್ಕ. ಗಣಿತದ ಮಾಸ್ತರು ಅಂದರೆ ಸುಮ್ನೆ ಅಲ್ಲ. ಬಾನೆಟ್ ಎತ್ತುವ ಮೊದಲು ನಾನು ಕಟ್ಟೆಯ ಮೇಲೆ ಕೂತು ಆ ನೋಟ್‌ಬುಕ್ಕನ್ನೇ ಓದಿದೆ. ಮಾಸ್ತರ ಹೆಂಡತಿ, ಕಾಕೂ, ಎರಡು ಸಲ ಚಹಾ ಕೊಟ್ಟರು.

ಒಂದು ಕಡೆ ಹೀಗಿತ್ತು: ರಾತ್ರಿ ಒಂಬತ್ತಕ್ಕೆ ನಿಲ್ಲಿಸಿದ್ದು, ಮರುದಿನ ಮುಂಜಾನೆ ಆರೂವರೆಗೆ ಚಾಲೂ, ಸೆಲ್ಫ್ 3. ಇನ್ನೊಂದು ಕಡೆ: ಶನಿವಾರ ಸಂಜೆ ನಿಲ್ಲಿಸಿದ್ದು, ಮಂಗಳವಾರ ಮಧ್ಯಾಹ್ನ ಒಂದಕ್ಕೆ ಚಾಲೂ, ಸೆಲ್ಫ್ 9. ಮಧ್ಯಾಹ್ನ ಒಂದು ಗಂಟೆಗೆ ಯಾವ ಥಂಡಿ? ಪುಟ ತಿರುವುತ್ತ ಹೋದೆ. ಒಂದು ರಾತ್ರಿ ಮಾತ್ರ ನಿಂತ ದಿನ ಮೂರೋ ನಾಲ್ಕೋ. ಎರಡು ದಿನಕ್ಕಿಂತ ಜಾಸ್ತಿ ನಿಂತಿದ್ದರೆ ಎಂಟು, ಒಂಬತ್ತು, ಒಮ್ಮೆ ಹನ್ನೊಂದು. ಬಿಸಿಲಿದ್ದರೂ ಅಷ್ಟೇ, ಮಂಜಿದ್ದರೂ ಅಷ್ಟೇ.

"ಸರ, ಇದಕ್ಕ ಥಂಡಿ ಒಂದ ಕಾರಣ ಅಲ್ಲ. ನಿಂತದ್ದರ ತ್ರಾಸ ಅದ" ಅಂದೆ. ಮಾಸ್ತರು ಕನ್ನಡಕ ಸರಿಮಾಡಿಕೊಂಡು ತಮ್ಮದೇ ಕಾಲಂ ಮತ್ತೊಮ್ಮೆ ನೋಡಿದರು. ಬರೆದಿಟ್ಟವರು ಅವರೇ, ಆದರೆ ಓದಿರಲಿಲ್ಲ. ಹಾಗಂತ ಒಂದು ರಾತ್ರಿ ನಿಂತ ಗಾಡಿಗೆ ಮೂರು ಸೆಲ್ಫ್ ಬೇಕು ಅನ್ನುವುದೂ ಸರಿಯಲ್ಲ. ಅದನ್ನು ಮನಸ್ಸಿನ ಒಂದು ಮೂಲೆಯಲ್ಲಿ ಇಟ್ಟುಕೊಂಡೆ.

ಚಾಲೂ ಆಗದ ಗಾಡಿಗೆ ನೋಡಬೇಕಾದದ್ದು ಮೂರೇ. ಇಂಜಿನ್ ಜೋರಾಗಿ ತಿರುಗುತ್ತದೆಯೇ, ಕಿಡಿ ಬರುತ್ತದೆಯೇ, ಪೆಟ್ರೋಲ್ ಬರುತ್ತದೆಯೇ. ಮೊದಲೆರಡು ಬೇಗ ಮುಗಿದವು. ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್, ಸೆಲ್ಫ್ ಹೊಡೆಯುವಾಗ 10.3. ಒಂಬತ್ತೂವರೆಗಿಂತ ಕೆಳಗೆ ಬಿದ್ದರೆ ಮಾತ್ರ ಚಿಂತೆ. ಒಂದು ಪ್ಲಗ್ ಬಿಚ್ಚಿ ಇಂಜಿನ್ನಿನ ಲೋಹಕ್ಕೆ ತಾಗಿಸಿ ನೋಡಿದೆ. ನೀಲಿ ಕಿಡಿ, ಚಟ್ ಚಟ್ ಅಂತ ಸದ್ದು. ಕಿಡಿಗೆ ಕರೆಂಟ್ ಕಡಿದು ಜೋಡಿಸುವ ಪಾಯಿಂಟ್ ಸ್ವಲ್ಪ ಸವೆದಿತ್ತು. ಗ್ಯಾಪ್ 0.45 ಮಿ.ಮೀ.ಗೆ ಇಟ್ಟು ಮುಂದೆ ಹೋದೆ.

ಆ ಪ್ಲಗ್ಗೇ ಎರಡನೇ ಸುಳಿವು ಕೊಟ್ಟಿತು. ಗಾಡಿ ಎರಡು ದಿನ ನಿಂತಿತ್ತು. ಚೋಕ್ ಎಳೆದು ನಾಲ್ಕು ಸಲ ಸೆಲ್ಫ್ ಹೊಡೆದ ಮೇಲೆ ಪ್ಲಗ್ ಬಿಚ್ಚಿದ್ದೆ. ಅಷ್ಟು ಹೊಡೆದ ಮೇಲೆ ಪ್ಲಗ್ಗಿನ ತುದಿ ಪೆಟ್ರೋಲಿನಿಂದ ಒದ್ದೆಯಾಗಿರಬೇಕು, ವಾಸನೆ ಹೊಡೆಯಬೇಕು. ಇದು ಒಣಗಿದ ಕಡ್ಡಿಯ ಹಾಗಿತ್ತು. ಅಂದರೆ ಪೆಟ್ರೋಲ್ ಸಿಲಿಂಡರಿನ ತನಕ ಬಂದೇ ಇಲ್ಲ. ಒದ್ದೆ ಪ್ಲಗ್ ಒಂದು ಕಥೆ, ಒಣ ಪ್ಲಗ್ ಇನ್ನೊಂದು ಕಥೆ. ಇದನ್ನು ನೋಡದೆ ಹೊಸ ಪ್ಲಗ್ ಹಾಕಿದವರ ಮೇಲೆ ನನಗೆ ಸ್ವಲ್ಪ ಸಿಟ್ಟೂ ಬಂತು. ತೆಗೆದ ಪ್ಲಗ್ ಕೈಯಲ್ಲೇ ಇತ್ತಲ್ಲ, ಒಮ್ಮೆ ನೋಡಿದ್ದರೆ ಆಗುತ್ತಿತ್ತು.

ಇಲ್ಲಿ ನಾನೂ ಒಂದು ತಪ್ಪು ಮಾಡಿದ್ದೆ. ಸೆಲ್ಫ್ ಹೊಡೆಯುವ ಮೊದಲೇ ಕಾರ್ಬುರೇಟರ್ ಒಳಗೆ ಇಣುಕಬೇಕಿತ್ತು. ನಿಂತ ಗಾಡಿಯ ಸಾಕ್ಷಿ ಮೊದಲನೇ ಸೆಲ್ಫಿನ ತನಕ ಮಾತ್ರ ಇರುತ್ತದೆ. ಒಮ್ಮೆ ಇಂಜಿನ್ ತಿರುಗಿಸಿದರೆ ಪಂಪ್ ಪೆಟ್ರೋಲ್ ಎಳೆಯುತ್ತದೆ, ಎಲ್ಲ ಅಳಿಸಿಹೋಗುತ್ತದೆ. ಮತ್ತೆ ಎರಡು ದಿನ ಕಾಯಬೇಕು. ಇಂಥ ಗಾಡಿಗಳ ರಿಪೇರಿ ತಿಂಗಳುಗಟ್ಟಲೆ ಎಳೆಯುವುದು ಇದಕ್ಕೇ. ಗಾಡಿಯನ್ನು ಗ್ಯಾರೇಜಿಗೆ ಓಡಿಸಿಕೊಂಡೇ ಹೋಗುತ್ತೇವೆ. ಅಲ್ಲಿಗೆ ಮುಟ್ಟುವ ಹೊತ್ತಿಗೆ ರೋಗಿ ಆರಾಮಾಗಿರುತ್ತಾನೆ. ಮೆಕ್ಯಾನಿಕ್ ಕೀಲಿ ತಿರುವುತ್ತಾನೆ, ಗಾಡಿ ಚಾಲೂ. "ಏನೂ ಆಗಿಲ್ರೀ" ಅನ್ನುತ್ತಾನೆ. ಅವನ ತಪ್ಪೂ ಅಲ್ಲ ಅದು.

ಗಾಡಿ ಮುಟ್ಟಬೇಡಿ ಅಂತ ಮಾಸ್ತರಿಗೆ ಹೇಳಿ ಬಂದೆ. ಎರಡು ದಿನ ಬಿಟ್ಟು ಮುಂಜಾನೆ ಏಳಕ್ಕೆ ಹೋದೆ. ಏರ್ ಕ್ಲೀನರ್ ಮುಚ್ಚಳ ತೆಗೆದೆ. ಟಾರ್ಚ್ ಬಿಟ್ಟು ಕಾರ್ಬುರೇಟರ್ ಬಾಯಿಯೊಳಗೆ ನೋಡುತ್ತ ಎಕ್ಸಲರೇಟರ್ ಲಿವರನ್ನು ಕೈಯಿಂದ ತಿರುವಿದೆ. ಕಾರ್ಬುರೇಟರಿನ ಬಟ್ಟಲಿನಲ್ಲಿ ಪೆಟ್ರೋಲ್ ಇದ್ದರೆ ಹಾಗೆ ತಿರುವಿದಾಗಲೆಲ್ಲ ಸಣ್ಣ ತೂತಿನಿಂದ ಪೆಟ್ರೋಲ್ ಪಿಚಕಾರಿ ಹಾಗೆ ಚಿಮ್ಮಬೇಕು. ಮೂರು ಸಲ ತಿರುವಿದೆ. ಒಂದು ಹನಿ ಇಲ್ಲ. ಬಟ್ಟಲು ಖಾಲಿ.

ಮಾಸ್ತರನ್ನು ಕರೆದು ಚೋಕ್ ಎಳೆಯಲು ಹೇಳಿದೆ. ಅಲ್ಲಿ ಇನ್ನೊಂದು ಸಿಕ್ಕಿತು. ಚೋಕ್ ಪೂರ್ತಿ ಎಳೆದರೂ ಬಾಯಿಯ ಮೇಲಿನ ತಗಡು ಪೂರ್ತಿ ಮುಚ್ಚಲಿಲ್ಲ. ಕಿರುಬೆರಳು ಹೋಗುವಷ್ಟು ಸಂದಿ ಉಳಿಯಿತು. ಕಾರ್ಬುರೇಟರ್ ಸರ್ವೀಸ್ ಮಾಡುವಾಗ ಚೋಕ್ ಕೇಬಲ್ ಬಿಚ್ಚಿ ಮತ್ತೆ ಬಿಗಿದಿದ್ದಾರೆ. ಬಿಗಿಯುವಾಗ ಒಳಗಿನ ತಂತಿ ಸ್ವಲ್ಪ ಜಾರಿದೆ. ಒಂದು ಸ್ಕ್ರೂ ಕೆಲಸ.

ಆ ತಗಡಿನ ಕೆಲಸ ಏನು ಅಂತ ಮಾಸ್ತರು ಕೇಳಿದರು. ತಣ್ಣಗಿನ ಇಂಜಿನ್ನಿನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ. ಅರ್ಧಕ್ಕಿಂತ ಜಾಸ್ತಿ ಕೊಳವೆಯ ಗೋಡೆಗೇ ಹನಿಯಾಗಿ ಅಂಟಿಕೊಳ್ಳಬಹುದು. ಹತ್ತಿಕೊಳ್ಳುವುದು ಆವಿ ಮಾತ್ರ, ಹನಿ ಅಲ್ಲ. ಅದಕ್ಕೇ ತಣ್ಣಗಿರುವಾಗ ಬೇಕಾದ್ದಕ್ಕಿಂತ ಜಾಸ್ತಿ ಪೆಟ್ರೋಲ್ ಸುರಿಯಬೇಕು. ಚೋಕ್ ತಗಡು ಗಾಳಿಯ ದಾರಿ ಮುಚ್ಚುತ್ತದೆ. ಆಗ ಇಂಜಿನ್ನಿನ ಎಳೆತವೆಲ್ಲ ಪೆಟ್ರೋಲಿನ ಮೇಲೆ ಬೀಳುತ್ತದೆ. ಸಂದಿ ಉಳಿದರೆ ಆ ಎಳೆತ ಸಂದಿಯಲ್ಲೇ ಸೋರಿಹೋಗುತ್ತದೆ. ಒಂದು ರಾತ್ರಿ ನಿಂತ ಗಾಡಿಗೆ ಮೂರು ಸೆಲ್ಫ್ ಯಾಕೆ ಬೇಕು ಅನ್ನುವುದಕ್ಕೆ ಉತ್ತರ ಇದೇ ಇರಬೇಕು ಅನಿಸಿತು.

ಸ್ಕ್ರೂ ಅಲ್ಲೇ ಸರಿಮಾಡಲು ಕೈ ತುರಿಸಿತು. ಮಾಡಲಿಲ್ಲ. ಎರಡು ತಕರಾರು ಒಟ್ಟಿಗೆ ಮುಟ್ಟಿದರೆ ಯಾವುದರಿಂದ ಎಷ್ಟು ಗುಣ ಆಯಿತು ಅಂತ ಗೊತ್ತಾಗುವುದಿಲ್ಲ. ಕಾರ್ಬುರೇಟರಿಗೆ ಬರುವ ಪೆಟ್ರೋಲ್ ಹೋಸ್ ಬಿಚ್ಚಿ, ದೊಡ್ಡ ಸಿರಿಂಜಿನಿಂದ ಬಟ್ಟಲಿಗೆ ಪೆಟ್ರೋಲ್ ತುಂಬಿದೆ. ಹೋಸ್ ಹಾಕಿ ಕೀಲಿ ತಿರುವಿಸಿದೆ. ಎರಡನೇ ಸೆಲ್ಫಿಗೆ ಇಂಜಿನ್ ಹಿಡಿಯಿತು. ಮಾಸ್ತರು ನೋಟ್‌ಬುಕ್ ತರಲು ಒಳಗೆ ಓಡಿದರು.

ಈಗ ಪ್ರಶ್ನೆ ಬೇರೆ. ಬಟ್ಟಲು ಖಾಲಿಯಾಗುವುದು ಯಾಕೆ? ಅದಕ್ಕಿಂತ ಮುಖ್ಯ, ಖಾಲಿಯಾದ ಬಟ್ಟಲು ತುಂಬಲು ಇಷ್ಟು ಹೊತ್ತು ಯಾಕೆ?

ಮೊದಲನೆಯದಕ್ಕೆ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಇಂಜಿನ್ ನಿಲ್ಲಿಸಿದ ಮೇಲೆ ಅದರ ಕಾವು ಮೇಲೇರಿ ಕಾರ್ಬುರೇಟರನ್ನು ಬಿಸಿ ಮಾಡುತ್ತದೆ. ಪೆಟ್ರೋಲಿನ ಹಗುರ ಭಾಗ ನಲವತ್ತು ಡಿಗ್ರಿ ಹತ್ತಿರವೇ ಕುದಿಯಲು ಶುರುಮಾಡುತ್ತದೆ. ಬಟ್ಟಲಿಗೆ ಗಾಳಿ ಆಡುವ ತೂತು ಇರಲೇಬೇಕು, ಆವಿ ಅಲ್ಲಿಂದ ಹೋಗುತ್ತದೆ. ಒಂದು ರಾತ್ರಿಗೆ ಸ್ವಲ್ಪ, ಎರಡು ಮೂರು ದಿನಕ್ಕೆ ಬಹುಪಾಲು. ಇದು ಕಾರ್ಬುರೇಟರ್ ಗಾಡಿಗಳ ಹುಟ್ಟುಗುಣ. ಬಟ್ಟಲಿನ ತಳದಿಂದ ಪೆಟ್ರೋಲ್ ಇಂಜಿನ್ನಿಗೆ ಸೋರುತ್ತಿದ್ದರೆ ಪ್ಲಗ್ ಒದ್ದೆಯಾಗುತ್ತಿತ್ತು, ಚಾಲೂ ಆದಾಗ ಕಪ್ಪು ಹೊಗೆ ಬರುತ್ತಿತ್ತು. ಇಲ್ಲಿ ಎರಡೂ ಇಲ್ಲ.

ಆದರೆ ಸರಿಯಾಗಿರುವ ಗಾಡಿಯಲ್ಲಿ ಬಟ್ಟಲು ಒಣಗಿದರೂ ಪೈಪಿನಲ್ಲಿ ಪೆಟ್ರೋಲ್ ನಿಂತಿರುತ್ತದೆ. ಈ ಗಾಡಿಯ ಪಂಪ್ ಎಲೆಕ್ಟ್ರಿಕ್ ಅಲ್ಲ. ಇಂಜಿನ್ ತಿರುಗಿದಾಗ ಕ್ಯಾಮ್‌ಶಾಫ್ಟ್ ಅದನ್ನು ಒತ್ತುತ್ತದೆ, ಒಳಗಿನ ರಬ್ಬರ್ ಹಾಳೆ ಮೇಲೆ ಕೆಳಗೆ ಆಡುತ್ತದೆ. ಪೈಪ್ ತುಂಬಿದ್ದರೆ ಕೆಲವೇ ಸೆಕೆಂಡಿನಲ್ಲಿ ಬಟ್ಟಲಿಗೆ ಪೆಟ್ರೋಲ್ ಮುಟ್ಟಬೇಕು.

ಮತ್ತೆ ಎರಡು ದಿನ ಬಿಟ್ಟೆ. ಈ ಸಲ ಕಾರ್ಬುರೇಟರ್ ಕಡೆಯ ಹೋಸ್ ತುದಿಯನ್ನು ಒಂದು ಬಾಟಲಿಗೆ ಇಳಿಬಿಟ್ಟೆ. ಕಿಡಿ ಹುಟ್ಟಿಸುವ ಕಾಯಿಲ್ಲಿಗೆ ಹೋಗುವ ಕರೆಂಟಿನ ವೈರ್ ಬಿಚ್ಚಿದೆ. ತೆರೆದ ಪೆಟ್ರೋಲ್ ಹತ್ತಿರ ಕಿಡಿ ಆಡಬಾರದು, ಇದನ್ನು ಮರೆಯಲೇಬಾರದು. ಓಣಿಯ ಹಿರಿಯರೊಬ್ಬರು ಏನಾತು ಅಂತ ನೋಡಲು ಬೀಡಿ ಸೇದುತ್ತಲೇ ಬಂದರು. ಅವರನ್ನು ಬೇವಿನ ಗಿಡದ ಆಚೆ ಕಳಿಸಿ ಶುರುಮಾಡಿದೆ. ಒಂದೇ ಸಮ ಹೊಡೆದರೆ ಸೆಲ್ಫ್ ಮೋಟರ್ ಸುಡುತ್ತದೆ. ಐದು ಸೆಕೆಂಡ್ ಹೊಡೆದು ಅರ್ಧ ನಿಮಿಷ ಬಿಡುವು ಕೊಟ್ಟೆ. ಮೊದಲ ಐದರಲ್ಲಿ ಗಾಳಿ. ಎರಡನೇ ಐದರಲ್ಲಿ ನೊರೆ. ಹದಿಮೂರನೇ ಸೆಕೆಂಡಿಗೆ ಪೆಟ್ರೋಲ್ ಬಂತು. ಬಂದ ಮೇಲೆ ಪಚ್ ಪಚ್ ಅಂತ ಜೋರಾಗಿಯೇ ಬಂತು.

"ಹಂಗಾರ ಬಾವಿ ಮೋಟರಿನ ಫುಟ್‌ವಾಲ್ವ್ ಹೋದಂಗಾತಲ್ಲೋ ಇದು!" ಅಂದರು ಮಾಸ್ತರು. ಅವರು ಹಾವೇರಿ ಕಡೆ ಹೊಲಮನೆಯವರು. ಫುಟ್‌ವಾಲ್ವ್ ಸೋರಿದರೆ ರಾತ್ರಿ ಪೈಪಿನ ನೀರೆಲ್ಲ ಬಾವಿಗೆ ಇಳಿಯುತ್ತದೆ. ಮುಂಜಾನೆ ಕೊಡ ತಂದು ನೀರು ತುಂಬಿದ ಹೊರತು ಮೋಟರ್ ನೀರೆತ್ತುವುದಿಲ್ಲ. ಇದಕ್ಕಿಂತ ಚೆನ್ನಾಗಿ ನಾನೂ ಹೇಳುತ್ತಿರಲಿಲ್ಲ. ಗಾಡಿಯ ಟ್ಯಾಂಕ್ ಹಿಂದೆ ಕೆಳಗಿದೆ, ಪಂಪ್ ಮುಂದೆ ಮೇಲಿದೆ. ನಿಂತಾಗ ಪೆಟ್ರೋಲ್ ಟ್ಯಾಂಕಿಗೆ ವಾಪಸ್ ಇಳಿಯುತ್ತಿದೆ.

ಅವರ ಮಾತು ಎಷ್ಟು ಹಿಡಿಸಿತು ಅಂದರೆ ನಾನು ಅಲ್ಲೇ ಎಡವಿದೆ. ಫುಟ್‌ವಾಲ್ವ್ ಅಂದ ಕೂಡಲೆ ಪಂಪಿನೊಳಗಿನ ವಾಲ್ವೇ ಹೋಗಿದೆ ಅಂತ ತೀರ್ಮಾನ ಮಾಡಿಬಿಟ್ಟೆ. ಹುಬ್ಬಳ್ಳಿಯಿಂದ ಹೊಸ ಪಂಪ್ ತಂದು ಹಾಕಿದೆ. ಸಾವಿರದ ಹತ್ತಿರ ಖರ್ಚು. ಎರಡು ದಿನ ಬಿಟ್ಟು ಮತ್ತೆ ಬಾಟಲಿ ಇಟ್ಟು ನೋಡಿದರೆ ಹನ್ನೆರಡು ಸೆಕೆಂಡ್! ಒಂದು ಸೆಕೆಂಡ್ ಉಳಿಸಲು ಸಾವಿರ ರೂಪಾಯಿ. ಮಾಸ್ತರು ಏನೂ ಅನ್ನಲಿಲ್ಲ. ನೋಟ್‌ಬುಕ್ಕಿನಲ್ಲಿ ಖರ್ಚು ಮಾತ್ರ ಬರೆದುಕೊಂಡರು. ಅದು ಇನ್ನೂ ಕೆಟ್ಟದ್ದೆನಿಸಿತು.

ಫುಟ್‌ವಾಲ್ವ್ ಸರಿ ಇದ್ದರೂ ಬಾವಿ ಪೈಪು ಖಾಲಿಯಾಗುವ ಇನ್ನೊಂದು ದಾರಿ ಇದೆಯಲ್ಲ. ಎಳೆಯುವ ಪೈಪಿನಲ್ಲಿ ಎಲ್ಲೋ ಗಾಳಿ ಹೊಕ್ಕರೂ ಅಷ್ಟೇ. ಎಳನೀರಿನ ಕೊಳವೆ ತುಂಬ ಎಳೆದು ಮೇಲ್ತುದಿಗೆ ಬೆರಳಿಡಿ, ನೀರು ನಿಲ್ಲುತ್ತದೆ. ಕೊಳವೆಗೆ ಪಿನ್ನಿನಿಂದ ಒಂದು ತೂತು ಮಾಡಿ, ಇಳಿದುಹೋಗುತ್ತದೆ.

ಪಂಪಿನ ಮುಂದಿನ ಪೈಪ್ ತೂತಾದರೆ ಪೆಟ್ರೋಲ್ ಹೊರಗೆ ಸೋರುತ್ತದೆ. ವಾಸನೆ ಬರುತ್ತದೆ, ಕೆಳಗೆ ಕಲೆ ಬೀಳುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ. ಟ್ಯಾಂಕಿನಿಂದ ಪಂಪಿನ ತನಕ ಇರುವ ಪೈಪ್ ಹಾಗಲ್ಲ. ಅಲ್ಲಿ ಎಳೆತ ಇರುವುದರಿಂದ ಗಾಳಿ ಒಳಗೆ ಹೋಗುತ್ತದೆ, ಪೆಟ್ರೋಲ್ ಹೊರಗೆ ಬರುವುದಿಲ್ಲ. ಹನಿಯೂ ಇಲ್ಲ, ವಾಸನೆಯೂ ಇಲ್ಲ. ಗಾಡಿ ಓಡುವಾಗ ಪಂಪ್ ಗಾಳಿಯನ್ನೂ ಪೆಟ್ರೋಲನ್ನೂ ಕೂಡಿಸಿ ಎಳೆದುಕೊಂಡು ಹೇಗೋ ನಿಭಾಯಿಸುತ್ತದೆ. ನಿಂತಾಗ ಮಾತ್ರ ಬಣ್ಣ ಬಯಲಾಗುತ್ತದೆ.

ಫಿಲ್ಟರ್ ಮತ್ತು ಪಂಪಿನ ನಡುವಿನ ಹೋಸ್ ತೆಗೆದು, ಅಲ್ಲಿ ಪಾರದರ್ಶಕ ಪೈಪಿನ ತುಂಡು ಹಾಕಿದೆ. ಇದು ಪರೀಕ್ಷೆಗೆ ಮಾತ್ರ. ಅಂಥ ಪೈಪ್ ಪೆಟ್ರೋಲಿಗೆ ಬೇಗ ಗಟ್ಟಿಯಾಗುತ್ತದೆ, ಹಾಗೇ ಬಿಡಬಾರದು. ಇಂಜಿನ್ ಚಾಲೂ ಇಟ್ಟು ನೋಡಿದರೆ ಸಾಸಿವೆ ಗಾತ್ರದ ಗುಳ್ಳೆಗಳು ಸಾಲಾಗಿ ಬರುತ್ತಿದ್ದವು. ಅಂದರೆ ಗಾಳಿ ಹೊಗುವ ಜಾಗ ಇದಕ್ಕೂ ಹಿಂದೆ. ಒಂದೊಂದೇ ಜೋಡಣೆಗೆ ಬೆರಳಿನಿಂದ ದಪ್ಪಗೆ ಗ್ರೀಸ್ ಮೆತ್ತುತ್ತ ಹೋದೆ. ಫಿಲ್ಟರಿನ ಬಾಯಿಗೆ ಮೆತ್ತಿದೆ, ಗುಳ್ಳೆ ಹಾಗೇ. ಹಿಂದಿನಿಂದ ಬರುವ ಕಬ್ಬಿಣದ ಪೈಪಿಗೆ ರಬ್ಬರ್ ಹೋಸ್ ಸೇರುವ ಕಡೆ ಮೆತ್ತಿದೆ. ಐದಾರು ಸೆಕೆಂಡಿನಲ್ಲಿ ಗುಳ್ಳೆ ನಿಂತವು.

ಬಿಚ್ಚಿ ನೋಡಿದೆ. ಮೇಲಿನಿಂದ ಹೋಸ್ ಚೆನ್ನಾಗಿಯೇ ಕಾಣುತ್ತಿತ್ತು. ಕ್ಲಿಪ್ ತೆಗೆದು ಸ್ವಲ್ಪ ಬಾಗಿಸಿದರೆ, ಸರಿಯಾಗಿ ಕ್ಲಿಪ್ಪಿನ ಕೆಳಗೆ, ಒಂದು ಉಗುರಿನಷ್ಟು ಉದ್ದದ ಸೀಳು ಬಾಯಿ ತೆರೆಯಿತು. ಕ್ಲಿಪ್ಪೇ ಅದನ್ನು ಮುಚ್ಚಿಟ್ಟಿತ್ತು.

"ಎಲ್ಲಾ ಈ ಎಥೆನಾಲಿಂದ" ಅಂದರು ಬೀಡಿಯ ಹಿರಿಯರು, ಈಗ ಬೀಡಿ ಇಲ್ಲದೆ. ಈ ಮಾತು ಈಗ ಎಲ್ಲ ಕಡೆ. ಶೇಕಡಾ 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ ಬೆಂಗಳೂರಿನಲ್ಲಿ ಬಿಡುಗಡೆಯಾದದ್ದು 2023ರ ಫೆಬ್ರುವರಿಯಲ್ಲಿ. ಈಗ ಬಂಕಿನಲ್ಲಿ ಸಿಗುವುದು ಹೆಚ್ಚುಕಡಿಮೆ ಅದೇ. 1997ರ ಗಾಡಿಯ ರಬ್ಬರನ್ನು ಅದಕ್ಕೆ ಅಂತ ಮಾಡಿರಲಿಲ್ಲ, ಅದು ಖರೆ. ತಣ್ಣಗಿನ ಇಂಜಿನ್ನಿಗೆ ಅದರಿಂದ ತ್ರಾಸ ಜಾಸ್ತಿ, ಅದೂ ಖರೆ. ಒಂದೇ ತೂಕದ ಪೆಟ್ರೋಲಿಗೆ ಹೋಲಿಸಿದರೆ ಎಥೆನಾಲ್ ಆವಿಯಾಗಲು ಸುಮಾರು ಎರಡೂವರೆ ಪಟ್ಟು ಶಾಖ ಬೇಕು. ಬರೀ ಪೆಟ್ರೋಲ್ ಒಂದು ಪಾಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು, ಎಥೆನಾಲಿಗೆ 9 ಪಾಲು ಮಾತ್ರ. ಅಂದರೆ ಅಷ್ಟೇ ಗಾಳಿಗೆ ಎಥೆನಾಲ್ ಬೆರೆತ ಪೆಟ್ರೋಲ್ ಸ್ವಲ್ಪ ಜಾಸ್ತಿ ಬೇಕು. ಕಾರ್ಬುರೇಟರ್ ಬದಲು ಕಂಪ್ಯೂಟರ್ ಪೆಟ್ರೋಲ್ ಚಿಮ್ಮಿಸುವ ಹೊಸ ಇಂಜೆಕ್ಷನ್ ಗಾಡಿ ಸೆನ್ಸರ್ ನೋಡಿ ಸರಿಮಾಡಿಕೊಳ್ಳುತ್ತದೆ. ಕಾರ್ಬುರೇಟರಿಗೆ ಕಣ್ಣಿಲ್ಲ. ಪೆಟ್ರೋಲ್ ಬಿಡುವ ಜೆಟ್ಟಿನ ತೂತು ಎಷ್ಟಿದೆಯೋ ಅಷ್ಟೇ ಬಿಡುತ್ತದೆ, ಮಿಶ್ರಣ ಸ್ವಲ್ಪ ತೆಳುವಾಗುತ್ತದೆ. ಚೋಕ್ ಪೂರ್ತಿ ಮುಚ್ಚದ ಗಾಡಿಗೆ ಇದು ಗಾಯದ ಮೇಲೆ ಉಪ್ಪು. ಆದರೆ ಈ ಸೀಳನ್ನು ಪೂರ್ತಿ ಎಥೆನಾಲಿನ ತಲೆಗೆ ಕಟ್ಟಲು ನಾನು ಒಪ್ಪಲಿಲ್ಲ. ಇಂಜಿನ್ ಕಾವಿನಲ್ಲಿ ವರ್ಷಗಟ್ಟಲೆ ಬೆಂದ ಹೋಸ್ ಕ್ಲಿಪ್ಪಿನ ಅಂಚಿನಲ್ಲಿ ಸೀಳಲು ಯಾವ ಪೆಟ್ರೋಲ್ ಆದರೂ ಸಾಕು. ಹೊಸ ಹೋಸ್ ತರುವಾಗ ಮಾತ್ರ ಅಗ್ಗದ್ದು ಬೇಡ ಅಂದೆ. ಇಂಜೆಕ್ಷನ್ ಗಾಡಿಗಳಿಗೆ ಹಾಕುವ ದಪ್ಪ ಹೋಸ್ ಒಂದು ಮೀಟರ್, ಆರು ಕ್ಲಿಪ್. ಎಲ್ಲ ಸೇರಿ ಪಂಪಿನ ಅರ್ಧ ಖರ್ಚೂ ಆಗಲಿಲ್ಲ. ಟ್ಯಾಂಕಿಗೆ ವಾಪಸ್ ಹೋಗುವ ಹೋಸನ್ನೂ ಬದಲಿಸಿದೆ, ವಯಸ್ಸು ಅದಕ್ಕೂ ಅಷ್ಟೇ ಆಗಿತ್ತಲ್ಲ.

ಎರಡು ದಿನ ಬಿಟ್ಟು ಬಾಟಲಿ ಪರೀಕ್ಷೆ: ಮೂರನೇ ಸೆಕೆಂಡಿಗೆ ಪೆಟ್ರೋಲ್. ಆಮೇಲೆ ಚೋಕ್ ಕೇಬಲ್ಲಿನ ಸ್ಕ್ರೂ ಸಡಿಲಿಸಿ, ತಗಡು ಪೂರ್ತಿ ಮುಚ್ಚುವ ಹಾಗೆ ತಂತಿ ಎಳೆದು ಬಿಗಿದೆ. ಚೋಕ್ ಒತ್ತಿದಾಗ ಪೂರ್ತಿ ತೆರೆಯುತ್ತದೆಯೇ ಅಂತಲೂ ನೋಡಿದೆ. ಅರ್ಧ ಮುಚ್ಚಿಕೊಂಡೇ ಓಡಿದರೆ ಪೆಟ್ರೋಲ್ ಕುಡಿಯುತ್ತದೆ.

ಜನವರಿಯ ಕಾಲಂ ಮಾಸ್ತರು ತಾವೇ ತೋರಿಸಿದರು. ಒಂದು ರಾತ್ರಿ ನಿಂತ ದಿನಗಳಲ್ಲಿ ಎಲ್ಲ 1. ಸಂಕ್ರಾಂತಿಗೆ ಊರಿಗೆ ಹೋಗಿ ನಾಲ್ಕು ದಿನ ಬಿಟ್ಟು ಬಂದಾಗ 2. ತೆಗೆದ ಹಳೇ ಪಂಪನ್ನು ಕಾಗದದಲ್ಲಿ ಸುತ್ತಿ ಡಿಕ್ಕಿಯಲ್ಲಿ ಇಟ್ಟಿದ್ದಾರೆ. ಸರಿ ಇರುವ ಪಂಪ್ ಅಲ್ವಾ, ಎಸೆಯುವುದು ಯಾಕೆ.

ಏಪ್ರಿಲಿನಲ್ಲಿ ಮತ್ತೆ ಫೋನ್ ಬಂತು. ಮಧ್ಯಾಹ್ನ ಎರಡು ಗಂಟೆ, ಸುಭಾಷ ರಸ್ತೆಯಲ್ಲಿ ನಿಂತಿದ್ದರು. ಹತ್ತು ನಿಮಿಷ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಗಾಡಿ ಚಾಲೂ ಆಗುತ್ತಿಲ್ಲವಂತೆ.

"ಸರ, ಪೆಟ್ರೋಲ್ ವಾಸನಿ ಬರ್ಲಿಕತ್ತದೇನ್ರಿ?"

"ಘಂ ಅಂತ ಬರ್ಲಿಕತ್ತದ. ಚೋಕ್ ಎಳದೇನಿ, ಆದರೂ ಇಲ್ಲ."

ಇದು ಹಳೇದರ ಉಲ್ಟಾ. ಬಿಸಿಲು ಮತ್ತು ಇಂಜಿನ್ ಕಾವಿಗೆ ಬಟ್ಟಲಿನ ಪೆಟ್ರೋಲ್ ಕುದಿದು ಇಂಜಿನ್ನಿಗೆ ಉಕ್ಕಿದೆ. ಅದರ ಮೇಲೆ ಇವರು ಚೋಕ್ ಬೇರೆ ಎಳೆದಿದ್ದಾರೆ. ಚೋಕ್ ಒಳಗೆ ಒತ್ತಿ, ಎಕ್ಸಲರೇಟರ್ ತಳಮಟ್ಟ ತುಳಿದು ಹಿಡಿದು ಸೆಲ್ಫ್ ಹೊಡೆಯಿರಿ, ಮತ್ತೆ ಮತ್ತೆ ತುಳಿದು ಬಿಡಬೇಡಿ ಅಂದೆ. ಫೋನ್ ಕಿವಿಗಿಟ್ಟುಕೊಂಡೇ ಹೊಡೆದರು. ಮೊದಲು ಕೆಮ್ಮಿತು, ಆಮೇಲೆ ಹಿಡಿಯಿತು. ಹಿಂದಿನಿಂದ ಯಾರದೋ ಹಾರ್ನ್ ಕೇಳಿಸಿತು.

"ಇದನ್ನ ಯಾವ ಕಾಲಂದಾಗ ಬರೀಲಿ?" ಅಂತ ಕೇಳಿದರು ಮಾಸ್ತರು.